ನೂರಾ ಇಪ್ಪತ್ತು ಕೋಟುಗಳ ಉಡಿ

ಈ ಕಥೆಯನ್ನು ಜೈನಾಪುರದಲ್ಲಿ ಮೊದಲು ಹೇಳಿದವನು ಕಂಡಕ್ಟರ್ ಅಮೋಘಸಿದ್ದ. ಈ ವರ್ಷ ಸಂಕ್ರಾಂತಿ ಕಳೆದ ಮೂರನೆಯ ದಿನ ಅವನಿಗೆ ವಾರದ ರಜೆ. ಶಂಕ್ರೆಪ್ಪನ ಹೊಲದಲ್ಲಿ ನಾವು ಹತ್ತು ಹದಿನೈದು ಮಂದಿ, ಹೆಂಗಸರು ಗಂಡಸರು, ಸೀತನಿ ಸುಡುತ್ತ ಕೂತಿದ್ದೆವು. ಎಳೆ ಜೋಳದ ಕಾಳನ್ನು ಅಂಗೈಯಲ್ಲಿ ಉಜ್ಜಿ ಊದಿ ಬಾಯಿಗೆ ಹಾಕಿಕೊಳ್ಳುವುದು, ಮೇಲೆ ಒಂದು ಚೂರು ಬೆಲ್ಲ ಕಡಿಯುವುದು. ಆಗ ಅಮೋಘಸಿದ್ದ ಮೊಬೈಲು ತೆಗೆದ.

"ಒಂದು ಕತಿ ಐತಿ. ಆದ್ರ ನಂದಲ್ಲ, ಕಾಗದದಾಗಿಂದು."

ಅವನದು ತಿಕೋಟಾ–ವಿಜಯಪುರ ಬಸ್ಸು. ಹಳೆ ಬಟ್ಟೆಯ ಚೂರು ಸೇರಿಸಿ ಕೌದಿ ಹೊಲಿಯುವ ತಿಕೋಟಾದ ದುಂಡವ್ವ ಎಂಬ ಹೆಂಗಸು, ವಿಜಯಪುರದ ಆಫೀಸೊಂದರಲ್ಲಿರುವ ಆಕೆಯ ತಮ್ಮನ ಮಗಳು ಶಾಂಭವಿ, ಇವರಿಬ್ಬರ ಕಾಗದ ಆರು ತಿಂಗಳು ಓಡಾಡಿದ್ದು ಅವನ ಕೈಯಲ್ಲೇ. ಎಲ್ಲದರ ಫೋಟೊ ಅವನ ಮೊಬೈಲಿನಲ್ಲಿತ್ತು.

"ಮಂದಿ ಕಾಗದಾ ಓದಿದಿ ಯಾಕಲೇ?" ಎಂದ ಶಂಕ್ರೆಪ್ಪ.

"ಅಂಟಿಸಿದ್ದಿಲ್ಲೋ ಕಾಕಾ. ತೆರದ ಬಾಗಲಾ ಕಂಡ್ರ ನಾಯಿ ಸುದ್ದಾ ಒಳಗ ಹೋಗತೈತಿ, ನಾ ಮನಶಾ."

ಅವನು ಓದಿದ್ದು ಹೀಗಿದೆ.

*

ವಿಜಯಪುರ, ಸಿದ್ಧೇಶ್ವರ ಗುಡಿ ಹತ್ತಿರ
9 ಜೂನ್ 2025

ಅತ್ತೆಗೆ ಶಾಂಭವಿಯ ನಮಸ್ಕಾರಗಳು.

ನಿನ್ನೆ ಫೋನಿನಲ್ಲಿ ಒಂದು ತಾಸು ಮಾತಾಡಿದವಳು ಇವತ್ತು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನು ಬಂತು ಎನ್ನಬೇಡ. ನಿಮ್ಮ ಸಂಘದವರು ಹೊಲಿದ ಹನ್ನೆರಡು ಕೌದಿ ಕೋಟುಗಳನ್ನು ಹಾಲೆಂಡಿನ ಅಂಗಡಿಯವರು ನೋಡಿ ಬಹಳ ಮೆಚ್ಚಿದ್ದಾರೆ. ನೂರಾ ಇಪ್ಪತ್ತು ಕೋಟು ಬೇಕಂತೆ. ನೀವು ಹೊಲಿಯಲು ಶುರು ಮಾಡಿ. ಈ ಹನ್ನೆರಡನ್ನು ಅವರು ಅಲ್ಲಿ ಪರೀಕ್ಷೆಗೆ ಕಳಿಸುತ್ತಾರೆ.

ಯುರೋಪಿನಲ್ಲಿ ಬಟ್ಟೆ ಮಾರಬೇಕೆಂದರೆ ಆ ಬಟ್ಟೆಯಲ್ಲಿ ಏನೇನಿದೆ, ಯಾವ ಬಣ್ಣ, ಯಾವ ಮದ್ದು ಎಂದು ಕಾಗದದಲ್ಲಿ ತೋರಿಸಬೇಕು. ನಮ್ಮ ಸುಭಾಷ ಸರ್ ಆಫೀಸಿನಲ್ಲಿ ನನ್ನ ಕೆಲಸವೇ ಅದು. ಅಲ್ಲಿಯವರಿಗೆ ಬಾಯಿಮಾತು ನಡೆಯುವುದಿಲ್ಲ. ಬರೆದು, ತಾರೀಖು ಹಾಕಿ, ಸಹಿ ಮಾಡಿದ್ದೇ ಸತ್ಯ. ನೀನು ಬರೆದದ್ದನ್ನು ಹಾಗೆಯೇ ಕಳಿಸಬೇಕು, ನಾನು ತಿದ್ದುವಂತಿಲ್ಲ. ಆದ್ದರಿಂದ ಕೆಳಗಿನವಕ್ಕೆ ಉತ್ತರ ಬರೆ:

ರೀಚ್ ಆಗಿದೆಯೇ? ಅಜೋ ಬಣ್ಣ ಇದೆಯೇ? ಬಟ್ಟೆಯ ಮೂಲ ಯಾವುದು? ಬಣ್ಣ ಬಿಡುತ್ತದೆಯೇ? ಗುಂಡಿಗಳಲ್ಲಿ ನಿಕೆಲ್ ಇದೆಯೇ? ಒಗೆದ ನೀರು ಎಲ್ಲಿಗೆ ಹೋಗುತ್ತದೆ?

ಇದ್ದದ್ದನ್ನು ಇದ್ದಂತೆ ಬರೆ, ಸಾಕು. ಅಮೋಘಸಿದ್ದನ ಬಸ್ಸಿನಲ್ಲಿ ಕಳಿಸು.

ನಿನ್ನ,
ಶಾಂಭವಿ

*

ತಿಕೋಟಾ
14 ಜೂನ್ 2025

ಚಿ. ಶಾಂಭವಿಗೆ ಅತ್ತೆ ದುಂಡವ್ವ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ಎಮ್ಮೆಯೂ ಕ್ಷೇಮ.

ಏಳನೆಯ ಇಯತ್ತೆ ಮುಗಿದ ಮೇಲೆ ನಾನು ಇಷ್ಟು ಉದ್ದ ಬರೆದದ್ದಿಲ್ಲ. ಸಂಘದ ಎಂಟೂ ಹೆಂಗಸರನ್ನು ಕೂರಿಸಿಕೊಂಡು ನಿನ್ನ ಪ್ರಶ್ನೆ ಓದಿದೆ. ಎಂಟೂ ಮಂದಿ ಒಟ್ಟಿಗೆ ಉತ್ತರ ಕೊಟ್ಟರು, ಆದ್ದರಿಂದ ಒಂದರೊಳಗೊಂದು ಬೆರೆತಿದ್ದರೆ ನನ್ನ ತಪ್ಪಲ್ಲ. ಹೊದೆಯುವ ಕೌದಿಯನ್ನು ತೊಟ್ಟುಕೊಂಡು ತಿರುಗುತ್ತಾರೆಂದರೆ ಅಕ್ಕನಾಗಮ್ಮನಿಗೆ ಇನ್ನೂ ನಂಬಿಕೆಯಿಲ್ಲ. "ಆ ಮಂದಿಗೆ ಹಾಸಿಗ್ಯಾಗಿಂದ ಏಳಾಕ ಬ್ಯಾಸರಾ ಇರಬೇಕ ಬಿಡ್ರಬೇ, ಹಾಸಿಗಿನ ಎತಕೊಂಡ ಹೋಗತಾರ" ಎಂದಳು.

ರೀಚ್: ಆಗಿದೆ. ಹನ್ನೆರಡೂ ಕೋಟು ಹೋದ ತಿಂಗಳೇ ಒಂದು ಮಂಗಳವಾರ ಹನ್ನೊಂದೂವರೆಗೆ ರೀಚ್ ಆದವು. ನೀನೇ ಆಗ ಫೋನ್ ಮಾಡಿ "ರೀಚ್ ಆದ್ವು ಅತ್ತಿ" ಎಂದಿದ್ದೆ. ಈಗ ನನ್ನನ್ನು ಕೇಳುತ್ತೀ.

ಅಜ್ಜೋ ಬಣ್ಣ: ನಮಗೆ ಗೊತ್ತಿದ್ದ ಅಜ್ಜಂದಿರೆಲ್ಲ ಬಿಳಿ ಧೋತರದವರು. ಅಕ್ಕನಾಗಮ್ಮನ ಅಜ್ಜನದು ತಲೆಗೆ ಸುತ್ತುವ ಒಂದು ಕೆಂಪು ಪಟಗಾ ಇತ್ತು. ಅದನ್ನು ಕೋಟಿಗೆ ಹಾಕಿಲ್ಲ. ಹಾಲೆಂಡಿನವರಿಗೆ ಅದೇ ಬೇಕೆಂದರೆ ಟ್ರಂಕು ಹುಡುಕುತ್ತಾಳಂತೆ.

ಬಟ್ಟೆಯ ಮೂಲ: ಒಂದೊಂದು ಚೂರಿನದೂ ಬರೆದರೆ ಅವರು ಓದಿ ಮುಗಿಸುವಷ್ಟರಲ್ಲಿ ಚಳಿಗಾಲ ಹೋಗುತ್ತದೆ. ನಾಲ್ಕನೆಯ ಕೋಟಿನದ್ದು ಮಾತ್ರ ಬರೆದಿದ್ದೇನೆ. ಬೆನ್ನು, ಅಕ್ಕನಾಗಮ್ಮನ ಮಗಳ ಬಾಣಂತನದ ಸೀರೆ. ಎಡತೋಳು, ಭೀಮಾಶಂಕರ ಮಾಸ್ತರರ ಅಂಗಿ. ಮಾಸ್ತರರು ತೀರಿಕೊಂಡಿಲ್ಲ, ದಪ್ಪ ಆಗಿದ್ದಾರೆ. ಬಲತೋಳು, ಚುನಾವಣೆಯಲ್ಲಿ ಒಬ್ಬರು ಹಂಚಿದ ಸೀರೆ. ಯಾರು ಎಂದು ಬರೆಯುವುದಿಲ್ಲ, ಪಾಪ ಅವರು ಸೋತರು.

ಬಣ್ಣ ಬಿಡುತ್ತದೆಯೇ: ಹದಿನಾಲ್ಕು ವರ್ಷ ಕಲ್ಲಿಗೆ ಬಡಿದ ಸೀರೆಗಳು. ಬಿಡಬೇಕಾದದ್ದೆಲ್ಲ ಬಿಟ್ಟಾಗಿದೆ. ಈಗ ಉಳಿದಿರುವುದು ಬಿಡುವ ಜಾತಿಯದಲ್ಲ.

ಗುಂಡಿ: ಇಲ್ಲ. ಬಟ್ಟೆಯ ಕಸೆ ಹಾಕಿದ್ದೇವೆ. ನಿಕೆಲ್ ಎಂಬವರು ನಮ್ಮಲ್ಲಿ ಯಾರೂ ಇಲ್ಲ.

ಒಗೆದ ನೀರು: ನುಗ್ಗಿ ಗಿಡದ ಬುಡಕ್ಕೆ ಹೋಗುತ್ತದೆ. ಆ ಗಿಡ ಪಕ್ಕದ ಮನೆಯ ಮಾಳಿಗೆಯ ಮೇಲೆ ಬಾಗಿದೆ. ನೀರು ನಮ್ಮದು, ಕಾಯಿ ಅವರದು. ಇದಕ್ಕೆ ಯುರೋಪಿನಲ್ಲಿ ಏನಾದರೂ ಕಾಯ್ದೆ ಇದ್ದರೆ ಬೇಗ ತಿಳಿಸು.

ನಿನ್ನ ಗಂಡ ಅರುಣಕುಮಾರನಿಗೆ ಆಶೀರ್ವಾದ ಹೇಳು.

ಇಂತಿ ನಿನ್ನ ಅತ್ತೆ,
ದುಂಡವ್ವ (ಸಹಿ ಮಾಡಿದ್ದೇನೆ, ತಾರೀಖೂ ಹಾಕಿದ್ದೇನೆ, ನೋಡಿಕೋ)

*

ವಿಜಯಪುರ
2 ಆಗಸ್ಟ್ 2025

ಅತ್ತೆಗೆ ನಮಸ್ಕಾರಗಳು.

ಮೊದಲನೆಯದಾಗಿ, ರೀಚ್ ಎಂದರೆ ಬಂದು ಮುಟ್ಟುವುದಲ್ಲ. ಅದು ಯುರೋಪಿನ ರಾಸಾಯನಿಕಗಳ ಕಾಯ್ದೆಯ ಹೆಸರು. ಅಜೋ ಎಂಬುದು ಅಜ್ಜನಲ್ಲ, ಒಂದು ಜಾತಿಯ ಬಣ್ಣ. ತಪ್ಪು ನನ್ನದೇ, ಬಿಡಿಸಿ ಹೇಳಬೇಕಿತ್ತು.

ನಿನ್ನ ಕಾಗದವನ್ನು ಹಾಲೆಂಡಿನವರು ಯಂತ್ರಕ್ಕೆ ಕೊಟ್ಟು ಅವರ ಭಾಷೆಯಲ್ಲಿ ಓದಿದರು. "ಮಾಸ್ತರರು ದಪ್ಪ ಆಗಿದ್ದಾರೆ" ಎಂಬುದನ್ನು ಯಂತ್ರ "ಊದಿಕೊಂಡಿದ್ದಾರೆ" ಎಂದು ಮಾಡಿದೆ. ಎಡತೋಳಿನ ಬಣ್ಣಕ್ಕೆ ಮೈ ಊದಿತೇ, ವೈದ್ಯರ ಚೀಟಿ ಇದೆಯೇ ಎಂದು ಕೇಳಿದ್ದರು. ಎರಡು ವಾರ ಅದಕ್ಕೇ ಹೋಯಿತು. ಮಾಸ್ತರರು ಹೋಳಿಗೆಯಿಂದ ಊದಿದವರು ಎಂದು ನಾನು ಬರೆದುಕೊಟ್ಟ ಮೇಲೆ ಬಿಟ್ಟರು.

ಪರೀಕ್ಷೆಯಲ್ಲಿ ಬಟ್ಟೆಗಳೆಲ್ಲ ಪಾಸು. ಬಣ್ಣ ಪಾಸು, ದಾರ ಪಾಸು. ನೀನು ಹೇಳಿದಂತೆ ಬಿಡುವುದೆಲ್ಲ ಬಿಟ್ಟಾಗಿದೆ.

ಆದರೆ ಅತ್ತೆ, ಹನ್ನೆರಡೂ ಕೋಟಿನ ಎಡಗಡೆಯ ಕೆಳಮೂಲೆ ಬಿಚ್ಚಿದಾಗ ಒಳಗೆ ಐದೈದು ಕಾಳು ಧಾನ್ಯ, ಒಂದು ಚಿಟಿಕೆ ಹಳದಿ ಪುಡಿ ಸಿಕ್ಕಿವೆ. ಆ ಪುಡಿಯಲ್ಲಿ ಸೀಸ ಇದೆ, ಅದೂ ಮಿತಿಗಿಂತ ಬಹಳ ಹೆಚ್ಚು. "ಬಚ್ಚಿಟ್ಟ ವಸ್ತು" ಎಂದು ಬರೆದಿದ್ದಾರೆ. ಸುಭಾಷ ಸರ್ ನನ್ನನ್ನು ಕರೆದು, "ಏನ್ರಿ ಶಾಂಭವಿ, ನಿಮ್ಮತ್ತಿ ಕೋಟಿನಾಗ ಏನ್ ಸಾಗಸಾಕತ್ತಾರ್ರೀ?" ಎಂದರು.

ಏನದು? ಕೂಡಲೇ ಬರೆ.

ಶಾಂಭವಿ

*

ತಿಕೋಟಾ
6 ಆಗಸ್ಟ್ 2025

ಚಿ. ಶಾಂಭವಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ಸಂಘದಲ್ಲಿ ಗದ್ದಲವಾಯಿತು. ಮೂಲೆಯಲ್ಲಿ ಸೀಸೆ ಸಿಕ್ಕಿದೆ ಎಂದು ಬರೆದಿದ್ದೀ. ಅಷ್ಟು ಸಣ್ಣ ಮೂಲೆಯಲ್ಲಿ ಸೀಸೆ ಹೇಗೆ ಹಿಡಿಸೀತು? ಅದೂ ಮಿತಿಗಿಂತ ಹೆಚ್ಚು! ನಮ್ಮಲ್ಲಿ ಕುಡಿಯುವವರು ಯಾರೂ ಇಲ್ಲ. ಅಕ್ಕನಾಗಮ್ಮನ ಗಂಡ ಕುಡಿಯುತ್ತಾನೆ, ಆದರೆ ಅವನು ಹೊಲಿಗೆಗೆ ಬರುವುದಿಲ್ಲ. "ನನ್ನ ಗಂಡನ ಸೀಸೆ ಹಾಲೆಂಡಿಗೆ ಹೋತಂದ್ರ ನನಗ ಸಂತೋಷ ಐತಿ, ಹಿಂದ ಕಳಸಬ್ಯಾಡ್ರಿ ಅಂತ ಬರಿ" ಎಂದಳು. ನಾನು ಬರೆದಿದ್ದೇನೆ.

ಇನ್ನು ಕಾಳು ಮತ್ತು ಹಳದಿ. ಬಚ್ಚಿಟ್ಟದ್ದು ಏನೂ ಇಲ್ಲ. ಅದು ಉಡಿ.

ನಿಮ್ಮ ಸುಭಾಷ ಸರ್ ಅವರಿಗೆ ಅವರ ತಾಯಿ ಹೇಳಿರಬೇಕು, ಹಾಲೆಂಡಿನವರಿಗಾಗಿ ಬರೆಯುತ್ತೇನೆ. ನಮ್ಮಲ್ಲಿ ಹೆಣ್ಣುಮಗಳು ತವರಿನಿಂದ ಹೊರಡುವಾಗ ಸೆರಗು ಒಡ್ಡಿಸಿ ಅಕ್ಕಿ, ಕೊಬ್ಬರಿ, ಅರಿಷಿಣ ಹಾಕಿ ಉಡಿ ತುಂಬುತ್ತೇವೆ. ಹೋದಲ್ಲಿ ಹೊಟ್ಟೆ ತುಂಬಿರಲಿ, ಮನೆ ತುಂಬಿರಲಿ ಎಂದು. ಕೌದಿಯೂ ಮನೆ ಬಿಟ್ಟು ಇನ್ನೊಬ್ಬರ ಮನೆಗೆ ಹೋಗುವುದೇ ಅಲ್ಲವೇ? ಕೊನೆಯ ಮೂಲೆ ಹೊಲಿಯುವ ಮುಂಚೆ ಐದು ಕಾಳು ಜೋಳ, ಒಂದು ಚಿಟಿಕೆ ಅರಿಷಿಣ ಇಟ್ಟು ಮುಚ್ಚುತ್ತೇವೆ. ನಮ್ಮ ಅವ್ವ ಇಡುತ್ತಿದ್ದಳು. ನೀನು ಹುಟ್ಟಿದಾಗ ನಾನು ಹೊಲಿದು ಹೊದಿಸಿದ ಕೌದಿಯಲ್ಲೂ ಇತ್ತು, ನೀನು ಅದನ್ನು ಬಾಯಲ್ಲಿ ಚೀಪುತ್ತಿದ್ದೆ.

ಹೊಸ ನೂರಾ ಇಪ್ಪತ್ತು ಕೋಟುಗಳಲ್ಲಿ ನೂರಾ ಹತ್ತು ಮುಗಿದಿವೆ, ಉಳಿದವು ಈ ವಾರ ಮುಗಿಯುತ್ತವೆ. ಎಲ್ಲಕ್ಕೂ ಉಡಿ ತುಂಬಿದೆ. ಚಿಂತೆ ಬೇಡ ಎಂದು ಅವರಿಗೆ ಹೇಳು.

ಇಂತಿ,
ದುಂಡವ್ವ

*

ವಿಜಯಪುರ
11 ಆಗಸ್ಟ್ 2025

ಅತ್ತೆಗೆ ನಮಸ್ಕಾರ.

ಸೀಸೆ ಅಲ್ಲ ಅತ್ತೆ, ಸೀಸ. ಹಳೆ ಬ್ಯಾಟರಿಯಲ್ಲಿ, ಮೀನಿನ ಬಲೆಯ ಗುಂಡಿನಲ್ಲಿ ಇರುವ ಲೋಹ. ಅದು ವಿಷ. ಅರಿಷಿಣ ಥಳಥಳ ಹೊಳೆಯಲಿ ಎಂದು ಕೆಲವರು ಸೀಸದ ಹಳದಿ ಬಣ್ಣ ಬೆರೆಸುತ್ತಾರೆ. ನೀವು ಅಂಗಡಿಯಿಂದ ತಂದ ಅರಿಷಿಣದಲ್ಲಿ ಅದೇ ಇದ್ದಿರಬೇಕು.

"ಉಡಿ ತುಂಬುವುದು" ಎಂಬುದನ್ನು ಯಂತ್ರ "ಸೊಂಟಕ್ಕೆ ಹತ್ತಿ ತುರುಕುವುದು" ಎಂದು ಮಾಡಿದೆ. ಅವರು ಹತ್ತಿಯ ಪ್ರಮಾಣಪತ್ರ ಕೇಳುತ್ತಿದ್ದಾರೆ. ಅದನ್ನು ನಾನು ನೋಡಿಕೊಳ್ಳುತ್ತೇನೆ.

ಅರಿಷಿಣ ಬದಲಿಸಿದರೂ ಸಾಲದು. ಕಾಳೂ ಇರಬಾರದಂತೆ, ಅವರಲ್ಲಿ ಬೀಜಕ್ಕೆ ಬೇರೆಯೇ ಕಾಯ್ದೆ ಇದೆ. ಹಾಲೆಂಡಿನಲ್ಲಿ ವರ್ಷವಿಡೀ ಮಳೆ, ಕೋಟಿನಲ್ಲಿ ಜೋಳ ಮೊಳಕೆ ಒಡೆದರೆ ಯಾರು ಹೊಣೆ ಎಂದು ಕೇಳಿದ್ದಾರೆ. ನೂರಾ ಇಪ್ಪತ್ತೂ ಮೂಲೆಗಳನ್ನು ಬಿಚ್ಚಿ, ಒಳಗಿನದನ್ನು ತೆಗೆದು, ಅಸ್ತರ ಬದಲಿಸಿ ಹೊಲಿಯಬೇಕು. ಸೆಪ್ಟೆಂಬರ್ ಮೂವತ್ತರೊಳಗೆ. ಇಲ್ಲವಾದರೆ ಆರ್ಡರು ಬೇರೆ ಊರಿಗೆ ಹೋಗುತ್ತದೆ. ನಿಮ್ಮ ಒಂಬತ್ತು ಮಂದಿಯ ವರ್ಷದ ಗಳಿಕೆ ಇದು, ನೆನಪಿರಲಿ.

ಬೇಸರ ಮಾಡಿಕೊಳ್ಳಬೇಡ. ಅದು ಕೋಟು ಅತ್ತೆ, ಹೆಣ್ಣುಮಗಳಲ್ಲ.

ಜೊತೆಗೆ ಒಂದು ಫಾರ್ಮು ಇಟ್ಟಿದ್ದೇನೆ. ಮೂಲೆ ತುಂಬುವ ಕೆಲಸ ಯಾರು ಮಾಡುತ್ತಾರೆ ಇತ್ಯಾದಿ. ತುಂಬಿ ಕಳಿಸು.

ಶಾಂಭವಿ

*

ತಿಕೋಟಾ
20 ಆಗಸ್ಟ್ 2025

ಚಿ. ಶಾಂಭವಿಗೆ.

ಅರಿಷಿಣದ ಮಾತು ಓದಿದ ಕೂಡಲೇ ಅಕ್ಕನಾಗಮ್ಮ ಮನೆಗೆ ಹೋಗಿ ತನ್ನ ಅರಿಷಿಣದ ಡಬ್ಬಿ ತಂದು ಅಂಗಳದ ನಡುವೆ ಕುಕ್ಕಿದಳು. "ಅವರ ಕೋಟಿನ ಮೂಲಿಗೆ ಆಗದ್ದು ನಮ್ಮ ಬ್ಯಾಳಿಗೆ ಹೆಂಗ ಆಗತೈತಿ? ಅವರೇನು ಮೂಲಿ ನೆಕ್ಕತಾರ? ದಿನಾ ಉಣ್ಣಾವ್ರು ನಾವು!"

ಎಂಟೂ ಮಂದಿ ಡಬ್ಬಿ ಹಿಡಿದು ತುಕಾರಾಮನ ಅಂಗಡಿಗೆ ಹೋದರು. ನಾನು ಹಿಂದಿನಿಂದ ಹೋದೆ.

"ತುಕಾರಾಮಣ್ಣಾ, ಇದರಾಗ ಸೀಸ ಇಲ್ಲಂತ ಬರದ ಕೊಡು. ತಾರೀಖ ಹಾಕು, ಸಹಿ ಮಾಡು."

"ಯವ್ವಾ, ಅರಿಷಿಣಕ್ಕ ಯಾರರ ಸಹಿ ಮಾಡತಾರೇನ್ರಬೇ? ಲಗ್ನಪತ್ರಿಕಾ ಏನದು?"

"ಹಂಗಾರ ಒಂದು ಚಮಚಾ ತಿಂದ ತೋರಸು."

ಅವನು ಬೆಳಿಗ್ಗೆ ಹತ್ತು ಗಂಟೆಗೆ ಊಟಕ್ಕೆ ಹೋಗಬೇಕೆಂದು ಬಾಗಿಲು ಹಾಕಿದ. ಮರುದಿನ ಆ ಪಾಕೀಟುಗಳು ಅಂಗಡಿಯಲ್ಲಿ ಇರಲಿಲ್ಲ. ಈಗ ನಾವು ಅರಿಷಿಣ ಬೇರು ತಂದು ಕುಟ್ಟಿಕೊಳ್ಳುತ್ತೇವೆ. ನಿಮ್ಮ ಯುರೋಪಿನವರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಸುಧಾರಿಸಿದೆ ಎಂದು ತಿಳಿಸು.

ಆದರೆ ಮೂಲೆ ಬಿಚ್ಚುವುದಿಲ್ಲ. ನೂರಾ ಇಪ್ಪತ್ತೂ ಮುಗಿದು ನನ್ನ ಪಡಸಾಲೆಯಲ್ಲಿ ಗಂಟು ಕಟ್ಟಿ ಕೂತಿವೆ. ಒಳ್ಳೆಯ ಅರಿಷಿಣದಿಂದ ಬೇಕಾದರೆ ಮತ್ತೆ ತುಂಬುತ್ತೇನೆ. ಖಾಲಿ ಉಡಿಯಲ್ಲಿ ನನ್ನ ಮನೆಯಿಂದ ಏನನ್ನೂ ಕಳಿಸಲಾರೆ.

ಫಾರ್ಮು ತುಂಬಿದ್ದೇನೆ. ಇಲ್ಲಿಯೂ ಬರೆಯುತ್ತೇನೆ.

ಕೆಲಸ: ಮೂಲೆ ತುಂಬುವುದು.
ಮಾಡುವವರು: ದುಂಡವ್ವ ಒಬ್ಬಳೇ. ಎಂಟೂ ಮಂದಿ ಹೊಲಿದು ಕೊನೆಯ ಮೂಲೆಯನ್ನು ನನಗೆ ಬಿಡುತ್ತಾರೆ.
ಎಷ್ಟು ವರ್ಷದಿಂದ: ಇಪ್ಪತ್ತೆರಡು. ನಿನ್ನ ಮಾವ ತೀರಿಕೊಂಡಂದಿನಿಂದ.
ಒಬ್ಬರೇ ಏಕೆ: ಗಂಡ ಇಲ್ಲದವಳು ಉಡಿ ತುಂಬಬಾರದು ಎಂದು ನನಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೇಳುವ ಪ್ರಸಂಗ ಬರದಂತೆ ನಾನೇ ಒಳಗೆ ಇದ್ದುಬಿಡುತ್ತೇನೆ.
ಬದಲಿ ವ್ಯಕ್ತಿ ಇದ್ದಾರೆಯೇ: ಇಲ್ಲ. ಉಳಿದವರಿಗೆ ಮನುಷ್ಯರ ಉಡಿ ಇದೆ. ನನಗೆ ಇದೊಂದೇ.

ಕೋಟು ಹೆಣ್ಣುಮಗಳಲ್ಲ ಎಂದು ನನಗೂ ಗೊತ್ತು.

ದುಂಡವ್ವ

*

ಇಲ್ಲಿ ಅಮೋಘಸಿದ್ದ ಮೊಬೈಲು ಮಡಿಲಲ್ಲಿ ಇಟ್ಟುಕೊಂಡು ಒಂದು ತೆನೆ ತಿಂದ. ಆರು ವಾರ ಯಾವ ಕಾಗದವೂ ಓಡಾಡಲಿಲ್ಲವಂತೆ. ತಿಕೋಟಾದ ಸ್ಟ್ಯಾಂಡಿನಲ್ಲಿ ದುಂಡವ್ವ ಕಂಡರೆ ಅವನೇ, "ಏನರ ಕಾಗದಾ ಐತೇನಬೇ?" ಎಂದು ಕೇಳುತ್ತಿದ್ದ. ಆಕೆ, "ನಿನಗ್ಯಾಕೋ ಅಷ್ಟ ಅವಸರಾ?" ಎನ್ನುತ್ತಿದ್ದಳು.

*

ವಿಜಯಪುರ
3 ಅಕ್ಟೋಬರ್ 2025

ಅತ್ತೆಗೆ ಶಾಂಭವಿಯ ನಮಸ್ಕಾರಗಳು.

ನೀನು ತುಂಬಿದ ಫಾರ್ಮನ್ನು ನಾನು ಹಾಲೆಂಡಿಗೆ ಕಳಿಸಲಿಲ್ಲ. ಆಫೀಸಿನ ಫೈಲಿನಲ್ಲೂ ಇಟ್ಟಿಲ್ಲ. ಮನೆಯಲ್ಲಿದೆ.

ನನ್ನ ಮದುವೆಯ ದಿನ ನೀನು ಅಡಿಗೆಮನೆಯಲ್ಲಿ ಸಂಡಿಗೆ ಕರಿಯುತ್ತಿದ್ದೆ. ನನ್ನ ಉಡಿ ತುಂಬುವ ಹೊತ್ತಿಗೆ ಅಷ್ಟೊಂದು ಸಂಡಿಗೆ ಯಾಕೆ ಬೇಕಾಗಿತ್ತು ಎಂದು ನಾನು ಯೋಚಿಸಲೇ ಇಲ್ಲ. ಎರಡು ಬುಟ್ಟಿ ಉಳಿದಿತ್ತು.

ಹಾಲೆಂಡಿನವರನ್ನು ಬೇಡಿಕೊಂಡು ಹದಿನೇಳನೆಯ ತಾರೀಖಿನವರೆಗೆ ಗಡುವು ತೆಗೆದುಕೊಂಡಿದ್ದೇನೆ. ಇನ್ನು ಒಂದು ದಿನವೂ ಸಿಗುವುದಿಲ್ಲ. ಅಂದು ಟೆಂಪೊದಲ್ಲಿ ನಾನೇ ಬರುತ್ತೇನೆ. ಮೂಲೆಗಳನ್ನು ಬಿಚ್ಚಲೇಬೇಕು, ಅದರಲ್ಲಿ ಬೇರೆ ದಾರಿಯಿಲ್ಲ. ಆದರೆ ನಾನು ಬರುವತನಕ ಮುಟ್ಟಬೇಡ. ಒಳ್ಳೆಯ ಅರಿಷಿಣ ಕುಟ್ಟಿ ಇಟ್ಟಿರು. ಅಕ್ಕಿ ನಾನು ತರುತ್ತೇನೆ.

ನಿನ್ನ,
ಶಾಂಭವಿ

*

ವಿಜಯಪುರ
18 ಅಕ್ಟೋಬರ್ 2025

ಮಾನ್ಯ ಸುಭಾಷ ಸರ್ ಅವರಿಗೆ,

ವಿಷಯ: ದಿನಾಂಕ 17ರಂದು ತಿಕೋಟಾದಿಂದ ಟೆಂಪೊ ಆರು ತಾಸು ತಡವಾಗಿ ಹೊರಟ ಕಾರಣ.

ತಾವು ಲಿಖಿತ ವಿವರಣೆ ಕೇಳಿದ್ದೀರಿ. ಇದ್ದದ್ದನ್ನು ಇದ್ದಂತೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಒಂಬತ್ತಕ್ಕೆ ತಿಕೋಟಾ ತಲುಪಿದೆವು. ದುಂಡವ್ವ ಅವರು ಕೋಟುಗಳ ಗಂಟಿನ ಮೇಲೆಯೇ ಕೂತಿದ್ದರು. ಎಂಟು ಜನ ಹೆಂಗಸರು ಕತ್ತರಿ ಹಿಡಿದು ಸುತ್ತ ನಿಂತಿದ್ದರು. ಚಾಲಕ ಬಾಬು ಅವರು ಗಂಟನ್ನು ಎತ್ತಲು ಹೋದಾಗ, "ಮುಟ್ಟಿದ್ರ ನೋಡು" ಎಂಬ ಮಾತು ಬಂದದ್ದರಿಂದ ಅವರು ಟೆಂಪೊದಲ್ಲೇ ಕೂತರು.

ನಾನು ಹೇಳಿದೆ: "ಅತ್ತಿ, ಒಂದು ಮಾತ ಕೇಳತೇನಿ. ದಿಬ್ಬಣದಾಗ ನೂರ ಮಂದಿ ಹೊಂಟಿರತಾರ. ಉಡಿ ಎಷ್ಟು ಮಂದಿಗಿ ತುಂಬತಾರ?"

"ಮದಲಗಿತ್ತಿಗೆ ತುಂಬತಾರ. ಎಲ್ಲಾರಿಗೂ ತುಂಬಿದ್ರ ಅಕ್ಕಿ ಎಲ್ಲಿಂದ ತರೂದು?"

"ಹೌದಲ್ಲ? ಹಂಗಾರ ಈ ನೂರಾ ಇಪ್ಪತ್ತೂ ನನ್ನ ದಿಬ್ಬಣ. ಇವು ನನ್ನ ಜೋಡಿ ಬರಾಕತ್ತಾವ. ಇವುಗಳ ಉಡಿ ತಗದು ನನಗ ತುಂಬು. ನನ್ನ ಸೆರಗಿಗೆ ಯುರೋಪಿನ ಕಾಯ್ದೆ ಇಲ್ಲ."

ಸುಮಾರು ಹತ್ತು ನಿಮಿಷದ ನಂತರ ದುಂಡವ್ವ ಅವರು ಗಂಟಿನಿಂದ ಕೆಳಗಿಳಿದರು. ಮೂಲೆ ಬಿಚ್ಚುವ, ಅಸ್ತರ ಬದಲಿಸುವ, ಮತ್ತೆ ಹೊಲಿಯುವ ಕೆಲಸ ಎರಡು ಗಂಟೆಯವರೆಗೆ ನಡೆಯಿತು. ಒಂದೊಂದನ್ನೂ ನಾನೇ ಹಿಂಡಿ ನೋಡಿದ್ದೇನೆ. ನೂರಾ ಇಪ್ಪತ್ತೂ ಖಾಲಿ.

ಆಮೇಲಿನ ಎರಡು ತಾಸಿನ ವಿವರ:

ನಾನು ಮಣೆಯ ಮೇಲೆ ಕೂತು ಸೆರಗು ಒಡ್ಡಿದೆ. ದುಂಡವ್ವ ಅವರು ಅಕ್ಕಿಯ ತಾಟು ತಂದು ನನ್ನ ಮುಂದಿಟ್ಟು, "ಅಕ್ಕನಾಗಮ್ಮ, ನೀ ತುಂಬಬೇ. ನಾ ತುಂಬಬಾರದು" ಎಂದು ಹಿಂದೆ ಸರಿದರು.

ಅಕ್ಕನಾಗಮ್ಮ ಅವರು, "ಮುಂಜಾನಿಂದ ಕತ್ತರಿ ಹಿಡದು ನನ್ನ ಕೈ ಹಿಡಕೊಂಡೈತಿ, ಬೊಗಸಿ ಕೂಡವಲ್ದು" ಎಂದರು. ಎರಡನೆಯವರಿಗೆ ಸೊಂಟ ಬಗ್ಗುತ್ತಿರಲಿಲ್ಲ. ಮೂರನೆಯವರು ತಮ್ಮ ಎಮ್ಮೆ ಹಗ್ಗ ಹರಿದಿದೆ ಎಂದರು; ಎಮ್ಮೆ ಎದುರಿಗೇ ಕಟ್ಟಿತ್ತು. ನಾಲ್ಕನೆಯವರು, "ನನಗ ಕಣ್ಣ ಕಾಣಂಗಿಲ್ಲ" ಎಂದರು. ಅವರೇ ಐದು ನಿಮಿಷದ ಹಿಂದೆ ಸೂಜಿಗೆ ದಾರ ಪೋಣಿಸಿದ್ದರು. ಉಳಿದ ನಾಲ್ವರು ಏನೂ ತೋಚದೆ, "ನಮಗೂ ಅದ ಆಗೇತಿ" ಎಂದರು.

ಟೆಂಪೊದಿಂದ ಬಾಬು ಅವರು ಕೂಗಿದರು: "ಮೇಡಮ್ಮಾರ, ಗಾಡಿ ನಿಂತದ್ದು ಸಾಹೇಬ್ರ ಮೊಬೈಲದಾಗ ಕಾಣಾಕತ್ತೈತ್ರಿ! ಮೂರ ಸರತಿ ಫೋನ್ ಬಂತ್ರಿ!"

ಸರ್, ಆ ಫೋನುಗಳನ್ನು ನಾನು ಎತ್ತಲಿಲ್ಲ. ಸೆರಗು ಬಿಡುವಂತಿರಲಿಲ್ಲ.

ನಾನು, "ಅತ್ತಿ, ಕೈ ನೋಯಾಕತ್ತಾವ" ಎಂದೆ. ಅವರು, "ನಿನಗ ಏನರ ಆದ್ರ?" ಎಂದರು. ನಾನು, "ನಿನ್ನ ಕೈಯಾಗಿನ ಉಡಿ ಚೀಪಿಕೊಂಡ ಬೆಳದಾಕಿ ನಾ. ಏನಾಗೇತಿ?" ಎಂದೆ.

ಮೊದಲನೆಯ ಬೊಗಸೆ ತುಂಬಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಐದನೆಯದನ್ನು ಬೇಗ ಹಾಕಿದರು. ಹಾಗೆ ಹಾಕುವಾಗ ಅಕ್ಕಿ ಅರ್ಧ ನೆಲಕ್ಕೆ ಬಿತ್ತು. ಅಷ್ಟರಲ್ಲಿ ಎಂಟೂ ಮಂದಿಯ ಕೈ, ಸೊಂಟ, ಕಣ್ಣು ನೆಟ್ಟಗಾಗಿ ಎಲ್ಲರೂ ಜೋರಾಗಿ ಹಾಡು ಹೇಳಲು ಶುರು ಮಾಡಿದರು. ಹಾಡು ಉದ್ದ ಇತ್ತು. ತಡಕ್ಕೆ ಅದೂ ಒಂದು ಕಾರಣ.

ಕೆಲಸ ಯಾರು ಮಾಡಿದರು ಎಂಬ ಕಲಮಿನಲ್ಲಿ, ಅಂದು ಸ್ಥಳದಲ್ಲಿ ಆರೋಗ್ಯವಾಗಿದ್ದ ಏಕೈಕ ವ್ಯಕ್ತಿ ದುಂಡವ್ವ ಅವರೇ ಎಂದು ದಾಖಲಿಸಿದ್ದೇನೆ.

ತಮ್ಮ ವಿಶ್ವಾಸಿ,
ಶಾಂಭವಿ

ಪ್ರತಿ: ಶ್ರೀಮತಿ ದುಂಡವ್ವ, ತಿಕೋಟಾ (ಅಮೋಘಸಿದ್ದನ ಕೈಯಲ್ಲಿ)

*

ತಿಕೋಟಾ
5 ನವೆಂಬರ್ 2025

ಚಿ. ಶಾಂಭವಿಗೆ ಅತ್ತೆಯ ಆಶೀರ್ವಾದಗಳು.

ಕೋಟುಗಳೆಲ್ಲ ಪಾಸಾದವೆಂದು ಫೋನಿನಲ್ಲಿ ಹೇಳಿದೆ. ಸಂತೋಷ. ಆದರೂ ಬರೆದು, ತಾರೀಖು ಹಾಕಿ, ಸಹಿ ಮಾಡಿ ಕಳಿಸು. ಇಲ್ಲಿ ಯಾರೂ ಬಾಯಿಮಾತು ನಂಬುವುದಿಲ್ಲ.

ಆ ಫೋನಿನಲ್ಲೇ ನೀನು ಕೇಳಿದ ಕೊನೆಯ ಪ್ರಶ್ನೆ, "ಹೊರತೆಗೆದ ವಸ್ತುವನ್ನು ಏನು ಮಾಡಿದಿರಿ?" ನೂರಾ ಇಪ್ಪತ್ತು ಮೂಲೆಯ ಜೋಳ ಮತ್ತು ಆ ಕೆಟ್ಟ ಅರಿಷಿಣವನ್ನು ಕೋಳಿಗೂ ಹಾಕಲಿಲ್ಲ, ಗಿಡದ ಬುಡಕ್ಕೂ ಚೆಲ್ಲಲಿಲ್ಲ. ಉಪ್ಪಿನಕಾಯಿ ಬರಣಿಯಲ್ಲಿ ಹಾಕಿ, ಬಾಯಿ ಕಟ್ಟಿ, "ವಿಷ, ಉಪ್ಪಿನಕಾಯಿ ಅಲ್ಲ" ಎಂದು ಬರೆದು ನಿಮ್ಮ ಆಫೀಸಿಗೆ ಕಳಿಸಿದ್ದೇನೆ. ಅಮೋಘಸಿದ್ದ ಅದಕ್ಕೆ ಟಿಕೀಟು ಹರಿದ. ವಿಷಕ್ಕೆ ಅರ್ಧ ಟಿಕೀಟು ಇಲ್ಲವಂತೆ.

ನಿನ್ನ ವರದಿಯನ್ನು ಸಂಘದಲ್ಲಿ ಓದಿದೆ. "ನಾ ಸುಳ್ಳ ಹೇಳಿದ್ದಿಲ್ಲ, ಖರೇನ ಕೈ ಹಿಡದಿತ್ತು" ಎಂದು ಅಕ್ಕನಾಗಮ್ಮ ಇನ್ನೂ ವಾದ ಮಾಡುತ್ತಾಳೆ. ಬರೆದದ್ದೇ ಸತ್ಯ ಎಂದು ನಾನು ಹೇಳಿದ್ದೇನೆ.

ನೀನು ಹೋದ ಮೇಲೆ ನೆಲಕ್ಕೆ ಬಿದ್ದಿದ್ದ ಅಕ್ಕಿಯನ್ನು ಎರಡು ದಿನ ಗುಡಿಸಲಿಲ್ಲ. ಗುಬ್ಬಿಗಳು ಬಂದು ತಿಂದವು.

ಇಂತಿ ನಿನ್ನ ಅತ್ತೆ,
ದುಂಡವ್ವ

*

ಅಮೋಘಸಿದ್ದ ಮೊಬೈಲು ಜೇಬಿಗೆ ಹಾಕಿದ. ಬೆಂಕಿ ಆರಿತ್ತು. ಗಂಡಸರು ಆ ಎಂಟು ಮಂದಿಯ ಸೊಂಟ ಕೈಗಳ ಮಾತು ತೆಗೆದು ನಕ್ಕರು. ಹೆಂಗಸರು ಸೀತನಿಯ ಸಿಪ್ಪೆ ಗುಡಿಸಿ, ಬುಟ್ಟಿ ಹೊತ್ತು ಊರ ಕಡೆ ನಡೆದರು.

ಮರುದಿನ ಬೆಳಿಗ್ಗೆ ನಮ್ಮ ಓಣಿಯ ಸುವರ್ಣಾ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಿದ್ದಳು. ಕೂಸನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು, ಉಡಿ ತುಂಬಲು ಐದು ಮಂದಿ ಮುತ್ತೈದೆಯರು ಬಂದಿದ್ದರು. ಸುವರ್ಣಾಳ ತಾಯಿ ಅಕ್ಕಿಯ ತಾಟು ಹಿಡಿದು ಅವರನ್ನೆಲ್ಲ ದಾಟಿ ಹಿತ್ತಲಿಗೆ ಹೋದಳು. ಅಲ್ಲಿ ಅವಳ ನಾದಿನಿ, ಹತ್ತು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಕೊಟ್ಟಿಗೆ ಬಳಿಯುತ್ತಿದ್ದಳು.

"ಬಾರವಾ, ಉಡಿ ತುಂಬಬೇಕು."

"ನನ್ನ ಕೈ ಸಗಣಿ ಐತಿ, ವೈನಿ."

"ತೊಳಕೊಂಡ ಬಾ. ನಾವು ಕಾಯತೀವಿ."

ಆಕೆ ಬಾನಿಯ ಹತ್ತಿರ ಹೋಗಿ ಕೈ ತೊಳೆದಳು, ಮತ್ತೊಮ್ಮೆ ತೊಳೆದಳು, ಮೊಣಕೈವರೆಗೆ ಮತ್ತೊಮ್ಮೆ ತೊಳೆದಳು. ಐವರೂ ಮುತ್ತೈದೆಯರು ಸರಿದು ಜಾಗ ಬಿಟ್ಟರು. ಹಿಂದಿನ ದಿನ ಹೊಲದಲ್ಲಿ ಅಷ್ಟು ನಕ್ಕಿದ್ದ ನಾವು ಗಂಡಸರೆಲ್ಲ ಬೆನ್ನು ತಿರುಗಿಸಿ, ಬಬಲೇಶ್ವರದ ರಸ್ತೆಯಲ್ಲಿ ಬಸ್ಸು ಬರುತ್ತದೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತ ನಿಂತೆವು. ಬಸ್ಸು ಬರಲು ಇನ್ನೂ ಒಂದು ತಾಸು ಇತ್ತು.